ಅರೆಯಬಾರದ ಮಾತ್ರೆ

ಪರೀಕ್ಷೆ ಪಾಸಾದರೆ ಜನ ತನ್ನನ್ನು ನೋಡುವ ಕಣ್ಣೇ ಬದಲಾಗುತ್ತದೆ ಎಂದು ನಂಬಿದವರಲ್ಲಿ ಪುಡಿ ಡಾಕ್ಟರಮ್ಮನೂ ಒಬ್ಬಳು. ಚಿಕ್ಕ ವಯಸ್ಸಿನಲ್ಲಿ ನಂಬಿದ್ದರೆ ಹೋಗಲಿ ಎನ್ನಬಹುದಿತ್ತು. ತಲೆಯಲ್ಲಿ ಬಿಳಿಕೂದಲು ಇಣುಕುವ ವಯಸ್ಸಿನಲ್ಲಿ ನಂಬಿದಳಲ್ಲ, ಅದಕ್ಕೇ ಅವಳಿಗೆ ತನ್ನ ಮೇಲೆ ಸಿಟ್ಟು.

ಬೇರು, ತೊಗಟೆ, ಒಣಗಿದ ಎಲೆ, ಇವನ್ನೆಲ್ಲ ಅರೆದು ಪೊಟ್ಟಣ ಕಟ್ಟಿ ಕೊಡುವ ವೈದ್ಯೆ ಅವಳು. ಅದನ್ನೇ ಕಾಲೇಜಿನಲ್ಲಿ ವರ್ಷಗಟ್ಟಲೆ ಓದಿ ಪದವಿ ಪಡೆದವಳು. ಬೀದಿಯ ಮಕ್ಕಳು ಪುಡಿ ಡಾಕ್ಟರಮ್ಮ ಅಂದರು, ಆಮೇಲೆ ಅವರ ಅಪ್ಪ ಅಮ್ಮಂದಿರು ಅಂದರು, ಕೊನೆಗೆ ಕರೆಂಟ್ ಬಿಲ್ಲು ತರುವವನೂ ಬಾಗಿಲಲ್ಲಿ ನಿಂತು ಹಾಗೇ ಕೂಗಿದ ದಿನ ಅವಳು ಸೋಲೊಪ್ಪಿಕೊಂಡಳು. ಕ್ಲಿನಿಕ್ ಅಂದರೆ ಒಂದು ಕೋಣೆ. ಬಾಗಿಲ ಬಳಿ ಉದ್ದನೆಯ ಬೆಂಚು, ನಡುವೆ ಮೇಜು, ಮೇಜಿನ ಬಲಗಡೆ ಕಲ್ಲಿನ ಕಲ್ಬತ್ತು, ಹಿಂದಿನ ಗೋಡೆಗೆ ಗಾಜಿನ ಜಾಡಿಗಳ ಸಾಲು. ಮದ್ದು ಯಾವುದೇ ಆಗಲಿ, ಅಲ್ಲಿ ಅದು ಪುಡಿಯಾಗಿಯೇ ಹೋಗಬೇಕು. ಮೊದಲ ಸಲದ ಮದ್ದನ್ನು ರೋಗಿ ಆ ಬೆಂಚಿನ ಮೇಲೆಯೇ ಕೂತು, ಅಂಗೈಯಲ್ಲಿ ಜೇನಿನ ಜೊತೆ ಕಲಸಿ, ಅವಳೆದುರೇ ನೆಕ್ಕಬೇಕು. ಇದು ಅವಳಿಗೆ ಕೆಲಸ ಕಲಿಸಿದ ಗುರುಗಳ ಕಟ್ಟುನಿಟ್ಟು. ಮನೆಗೆ ಹೋದ ಪೊಟ್ಟಣವೆಲ್ಲ ಹೊಟ್ಟೆಗೆ ಹೋಯಿತು ಅಂತ ನಂಬಬೇಡ ಎನ್ನುತ್ತಿದ್ದರು ಅವರು.

ಕೆಮ್ಮಿಗೆ, ಅಜೀರ್ಣಕ್ಕೆ, ಮಂಡಿನೋವಿಗೆ ಅವಳ ಪುಡಿ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಬ್ಲಡ್ ಪ್ರೆಶರ್ ವಿಪರೀತ ಏರಿದವರಿಗೆ ಮಾಡುತ್ತಿರಲಿಲ್ಲ. ಇದನ್ನು ಅವಳು ಯಾರ ಹತ್ತಿರವೂ ಮುಚ್ಚಿಟ್ಟವಳಲ್ಲ. "ನನ್ನ ಪುಡಿ ನಿಮಗೆ ಸಾಲೋದಿಲ್ಲ, ದೊಡ್ಡಾಸ್ಪತ್ರೆಗೆ ಹೋಗಿ" ಎಂದು ಬಾಯಿ ನೋಯುವಷ್ಟು ಹೇಳುತ್ತಿದ್ದಳು. ಅವರು ಹೂಂ ಅನ್ನುತ್ತಿದ್ದರು, ಹೋಗುತ್ತಿರಲಿಲ್ಲ. ದೊಡ್ಡಾಸ್ಪತ್ರೆ ಅಂದರೆ ಒಂದು ದಿನದ ಕೂಲಿ ಹೋಯಿತು ಅಂತಲೇ ಲೆಕ್ಕ. ಹಾಗೆ ಹೂಂ ಅಂದ ಬಸ್ ಡ್ರೈವರೊಬ್ಬ ಸ್ಟಿಯರಿಂಗ್ ಹಿಡಿದಿದ್ದಾಗಲೇ ಲಕ್ವಾ ಹೊಡೆದು ಬಲಗೈಯ ಸ್ವಾಧೀನ ಕಳೆದುಕೊಂಡ. ಅವನಿಗೆ ಯಾವ ಮಾತ್ರೆ ಬೇಕು ಎಂಬುದು ಅವಳಿಗೆ ಗೊತ್ತಿತ್ತು, ಬರೆಯುವ ಹಕ್ಕು ಮಾತ್ರ ಇರಲಿಲ್ಲ.

ಆದ್ದರಿಂದ ಸರ್ಕಾರ, ಮೂಲಿಕೆ ವೈದ್ಯರು ಒಂದು ವರ್ಷ ಹೆಚ್ಚಿನ ಓದು ಓದಿ ಪರೀಕ್ಷೆ ಪಾಸು ಮಾಡಿದರೆ ಕೆಲವು ಇಂಗ್ಲಿಷ್ ಮಾತ್ರೆಗಳನ್ನು ಬರೆಯಬಹುದು ಎಂದಾಗ ಮೊದಲು ಹೆಸರು ಕೊಟ್ಟವಳು ಅವಳೇ. ಆಸ್ಪತ್ರೆಯ ಡಾಕ್ಟರುಗಳು ಬೀದಿಗಿಳಿದರು. ಪುಡಿ ಅರೆಯುವ ಕೈಗೆ ಪೆನ್ನು ಕೊಟ್ಟರೆ ಹೆಣ ಬೀಳುತ್ತದೆ ಎಂದು ಬ್ಯಾನರ್ ಕಟ್ಟಿದರು. ಸರ್ಕಾರ ಅತ್ತ ಅವರನ್ನೂ ಬಿಡದೆ ಇತ್ತ ಇವರನ್ನೂ ಬಿಡದೆ, ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಿತು. ಅನುಮತಿ ಕೊಡುತ್ತೇವೆ, ಆದರೆ ಅಜಾಗರೂಕತೆಯಿಂದ ಒಂದೇ ಒಂದು ತಪ್ಪು ಮಾಡಿದರೂ ಆ ವೈದ್ಯರ ಅನುಮತಿ ಶಾಶ್ವತವಾಗಿ ರದ್ದು. ಆಸ್ಪತ್ರೆಯ ಡಾಕ್ಟರುಗಳಿಗೂ ಈ ನಿಯಮ ಉಂಟೋ ಎಂದು ಯಾರೂ ಕೇಳಲಿಲ್ಲ. ಅವಳು ಕೇಳಿದಳು, ಉತ್ತರ ಬರಲಿಲ್ಲ. ಹಲ್ಲು ಕಚ್ಚಿಕೊಂಡು ಓದಿದಳು, ಒಳ್ಳೆಯ ಅಂಕ ತೆಗೆದು ಪಾಸಾದಳು. ಆ ಅನುಮತಿಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಪಾಡಿಕೊಳ್ಳುತ್ತೇನೆ ಎಂದು ಅಂದುಕೊಂಡಳು.

ಜನ ಬದಲಾಗಲಿಲ್ಲ. ಪುಡಿಗೆ ಬರುತ್ತಿದ್ದವರು ಚೀಟಿ ನೋಡಿ "ನೀವೂ ಶುರು ಹಚ್ಕೊಂಡ್ರಾ?" ಎಂದು ಮೂಗು ಮುರಿದರು. ಮಾತ್ರೆ ಸಿಗುತ್ತದೆ ಎಂದು ಹೊಸದಾಗಿ ಬಂದವರು "ಇಷ್ಟೇನಾ? ಇಂಜೆಕ್ಷನ್ ಇಲ್ವಾ?" ಎಂದು ಪೆಚ್ಚಾದರು. ಮೆಡಿಕಲ್ ಶಾಪಿನವನಂತೂ ಅವಳ ಒಂದೊಂದು ಚೀಟಿಗೂ ಫೋನು ಮಾಡುತ್ತಿದ್ದ. "ಮೇಡಂ, ಇದು ನೀವೇ ಬರೆದಿದ್ದಾ? ಬರೀಬಹುದಾ? ಸುಮ್ನೆ ಕೇಳ್ದೆ, ನಾಳೆ ನಮ್ಮ ತಲೆ ಮೇಲೆ ಬರಬಾರದಲ್ಲ." ಅಕ್ಷರ ಅರ್ಥವಾಗದಂತೆ ಗೀಚುವ ಆಸ್ಪತ್ರೆ ಡಾಕ್ಟರರ ಚೀಟಿಗಳಿಗೆ ಅವನು ಒಂದು ಸಲವೂ ಫೋನು ಮಾಡಿದವನಲ್ಲ.

ಇವರೆಲ್ಲರನ್ನೂ ಸಂಭಾಳಿಸಬಹುದಿತ್ತು. ಚಿಕ್ಕಮ್ಮನನ್ನು ಸಂಭಾಳಿಸುವುದು ಹೇಗೆ?

ಚಿಕ್ಕಮ್ಮ ಅಂದರೆ ಅವಳ ತಾಯಿಯ ತಂಗಿ. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದವಳು. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದು ಹೊಲಿದು ಅವಳನ್ನು ಡಾಕ್ಟರು ಮಾಡಿದವಳು, ಈಗಲೂ ಎರಡು ಬೀದಿ ಆಚೆ ತನ್ನ ಮನೆಯಲ್ಲಿ ಮಶೀನು ತುಳಿಯುತ್ತಿದ್ದವಳು. ಪ್ರೆಶರ್ ನೋಡಿದರೆ ಎದೆ ಧಸಕ್ಕೆನ್ನಬೇಕು, ಅಷ್ಟಿತ್ತು. ಆಸ್ಪತ್ರೆಗೆ ಮಾತ್ರ ಹೋಗಲೊಲ್ಲಳು. "ಮನೇಲಿ ಡಾಕ್ಟರ್ ಇಟ್ಕೊಂಡು ಊರವರ ಹತ್ರ ಕೈ ಚಾಚ್ಲಾ?" ಎನ್ನುತ್ತಿದ್ದಳು. ಅನುಮತಿ ಬಂದ ಮೇಲೆ ಅವಳಿಗೆಂದು ಮಾತ್ರೆ ಬರೆದರೆ ಅದಕ್ಕೂ ತಕರಾರು. "ನಿನ್ನ ಪುಡಿ ಸಾಕು ನನಗೆ." ಪುಡಿ ಸಾಲೋದಿಲ್ಲ ಚಿಕ್ಕಮ್ಮ ಎಂದರೆ, "ಸಾಲೋದಿಲ್ಲ ಅನ್ನೋದನ್ನ ಕಲಿಸೋಕಾ ನಿನ್ನ ಅಷ್ಟು ವರ್ಷ ಓದಿಸಿದ್ದು?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಇವಳು ಬೇಡಿ, ಬೈದು, ಮಾತು ಬಿಟ್ಟು, ಕೊನೆಗೆ ಅತ್ತ ಮೇಲೆ ಚಿಕ್ಕಮ್ಮ ಒಪ್ಪಿದಳು. ಅತ್ತಿದ್ದು ನಿಜವಾದ ಅಳುವಲ್ಲ ಎಂದು ಚಿಕ್ಕಮ್ಮನಿಗೆ ಗೊತ್ತಿತ್ತು, ಆದರೂ ಒಪ್ಪಿದಳು.

ಬರೆದದ್ದು ಒಳ್ಳೆಯ ಮಾತ್ರೆಯೇ. ಬೆಳಿಗ್ಗೆ ಒಂದು ನುಂಗಿದರೆ ಹೊಟ್ಟೆಯಲ್ಲಿ ಸ್ವಲ್ಪ ಸ್ವಲ್ಪವೇ ಕರಗುತ್ತಾ ಇಡೀ ದಿನ ಪ್ರೆಶರನ್ನು ಹದದಲ್ಲಿ ಇಡುವಂಥದ್ದು. ಅದನ್ನು ಇಡಿಯಾಗಿಯೇ ನುಂಗಬೇಕು. ಅಗಿದರೆ ಅಥವಾ ಅರೆದರೆ ಇಡೀ ದಿನದ ಮದ್ದು ಒಂದೇ ಏಟಿಗೆ ಮೈಗೆ ಹತ್ತಿ ಪ್ರೆಶರ್ ಪಾತಾಳಕ್ಕೆ ಇಳಿಯುತ್ತದೆ. ಪರೀಕ್ಷೆಯಲ್ಲಿ ಈ ಪ್ರಶ್ನೆಯೇ ಬಂದಿತ್ತು. ಪುಡಿ ಡಾಕ್ಟರಮ್ಮ ಪೂರ್ತಿ ಅಂಕ ತೆಗೆದಿದ್ದಳು.

ಚಿಕ್ಕಮ್ಮ ಮಾತ್ರೆಯ ಹಾಳೆ ಹಿಡಿದು ಬಂದ ಬೆಳಿಗ್ಗೆ ಬೆಂಚು ತುಂಬಿತ್ತು. ಒಂದು ಮಗು ಕಿರುಚುತ್ತಿತ್ತು, ಬಾಗಿಲಲ್ಲಿ ಇಬ್ಬರು ಯಾರು ಮೊದಲು ಬಂದದ್ದು ಎಂದು ಜಗಳ ಹಚ್ಚಿದ್ದರು. ಅಷ್ಟರಲ್ಲಿ ಮೆಡಿಕಲ್ ಶಾಪಿನವನ ಫೋನು.

"ಮೇಡಂ, ಈಗ ಒಬ್ರು ಅಜ್ಜಿ ನಿಮ್ಮ ಚೀಟಿ ತಂದಿದ್ರು, ಮಾತ್ರೆ ಕೊಟ್ಟೆ. ಆಮೇಲೆ ಯೋಚ್ನೆ ಹತ್ತಿತು. ಇದು ಸ್ವಲ್ಪ ಸ್ಟ್ರಾಂಗು. ನೀವೇ ಬರೆದಿದ್ದಾ?"

ಪುಡಿ ಡಾಕ್ಟರಮ್ಮನ ಮೈ ಉರಿದುಹೋಯಿತು. ಫೋನನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿಕೊಂಡು ಅವನ ನೀರಿಳಿಸಲು ಶುರು ಮಾಡಿದಳು. ನನ್ನ ಸಹಿ ಓದೋಕೆ ಬರಲ್ವಾ ನಿಮಗೆ, ನನ್ನ ಅನುಮತಿ ನಂಬರ್ ಕೆಳಗೇ ಇದೆ ಕಾಣಿಸಲ್ವಾ, ಉಳಿದ ಡಾಕ್ಟರಿಗೆ ಒಂದು ದಿನವಾದ್ರೂ ಹೀಗೆ ಕೇಳಿದೀರಾ. ಹೇಳಬೇಕೆಂದು ತಿಂಗಳುಗಳಿಂದ ಕಟ್ಟಿಟ್ಟುಕೊಂಡದ್ದೆಲ್ಲ ಸಲೀಸಾಗಿ ಬರುತ್ತಿತ್ತು. ಬೆಂಚಿನವರು ಜಗಳ ಬಿಟ್ಟು ಬಾಯಿ ತೆರೆದು ಕೇಳುತ್ತಿದ್ದರು.

ಮೇಜಿನ ಮುಂದೆ ಕೂತಿದ್ದ ಚಿಕ್ಕಮ್ಮ ಮಾತ್ರೆಯೊಂದನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡಿದಳು. "ಇಷ್ಟು ದಪ್ಪದ್ದು ನನ್ನ ಗಂಟಲಲ್ಲಿ ಇಳಿಯಲ್ಲ ಕಣೇ. ಎಂದಿನ ಹಾಗೆ ಅರೆದು ಕೊಡು."

ಬಾಯಿ ಬೈಯುವುದರಲ್ಲಿತ್ತು. ತಲೆ ಮುಂದಿನ ಬೈಗುಳ ಹುಡುಕುವುದರಲ್ಲಿತ್ತು. ಕೈ ಚಿಕ್ಕಮ್ಮನಿಂದ ಮಾತ್ರೆ ತೆಗೆದುಕೊಂಡಿತು, ಕಲ್ಬತ್ತಿಗೆ ಹಾಕಿತು, ಅರೆಯಿತು. ಅರೆದ ಮದ್ದನ್ನು ಅವಳು ಚಿಕ್ಕಮ್ಮನ ಅಂಗೈಗೆ ಸುರಿದಳು, ಜೇನಿನ ಬಾಟಲಿ ಬಗ್ಗಿಸಿದಳು, ಇಷ್ಟನ್ನೂ ಫೋನು ಕೆಳಗಿಡದೆ ಮಾಡಿದಳು. ಇಷ್ಟು ವರ್ಷ ಆ ಬೆಂಚಿನ ಮೇಲೆ ಕೂತ ಪ್ರತಿಯೊಬ್ಬರಿಗೂ ಮಾಡಿದ್ದು ಅದೇ ತಾನೆ.

ಚಿಕ್ಕಮ್ಮ ನೆಕ್ಕಿ ಮುಗಿಸಿದಳು. "ಕಹಿನೇ ಇಲ್ಲ. ಇದೂ ಒಂದು ಮದ್ದಾ?" ಎಂದು ಸೆರಗಿಗೆ ಕೈ ಒರೆಸಿಕೊಂಡು ಎದ್ದು ಹೋದಳು. ಫೋನಿನಲ್ಲಿ ಮೆಡಿಕಲ್ ಶಾಪಿನವನು ಕ್ಷಮೆ ಕೇಳಿದ. ಎಷ್ಟೋ ದಿನದ ಮೇಲೆ ಗೆದ್ದ ಖುಷಿಯಲ್ಲಿ ಪುಡಿ ಡಾಕ್ಟರಮ್ಮ ಮುಂದಿನವರನ್ನು ಕರೆದಳು.

ಬೆಂಚು ಇನ್ನೂ ಖಾಲಿಯಾಗಿರಲಿಲ್ಲ, ಚಿಕ್ಕಮ್ಮನ ಕೆಳಮನೆಯಾಕೆ ಏದುಸಿರು ಬಿಡುತ್ತಾ ಓಡಿಬಂದಳು. ಮಶೀನಿನ ಸದ್ದು ನಿಂತಿತಂತೆ, ಏನೋ ಬಿದ್ದ ಸದ್ದಾಯಿತಂತೆ, ಹೋಗಿ ನೋಡಿದರೆ ಚಿಕ್ಕಮ್ಮ ನೆಲದ ಮೇಲೆ, ಮುಖ ಬಿಳಚಿ, ಕರೆದರೆ ಓಗೊಡದೆ. ಪುಡಿ ಡಾಕ್ಟರಮ್ಮ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ನಾಡಿ ಸಿಕ್ಕಿತು, ಆದರೆ ದಾರದಷ್ಟು ತೆಳ್ಳಗೆ. ಕಾಲೆತ್ತಿ ದಿಂಬಿನ ಮೇಲಿಟ್ಟಳು. ಆಂಬುಲೆನ್ಸ್ ಬರುವವರೆಗೆ ಚಿಕ್ಕಮ್ಮಾ, ಚಿಕ್ಕಮ್ಮಾ ಎಂದು ಕೂಗುತ್ತಲೇ ಇದ್ದಳು.

ಆಸ್ಪತ್ರೆಯಲ್ಲಿ ನೋಡಿಕೊಂಡವನು ಚಿಕ್ಕ ವಯಸ್ಸಿನ ಡಾಕ್ಟರು, ನಿದ್ದೆಗೆಟ್ಟ ಕಣ್ಣು. ಸಲೈನು ಹಚ್ಚಿಸಿ, ಎದೆಗೆ ವಯರು ಅಂಟಿಸಿ, ಕೆಲಸ ಮಾತ್ರ ಚುರುಕಾಗಿಯೇ ಮಾಡಿದ. ಮಾಡುತ್ತಲೇ ಕೇಳಿದ, "ಏನು ತಗೊಂಡಿದ್ರು?"

ಅವಳು ಮಾತ್ರೆಯ ಹಾಳೆ ತೋರಿಸಿದಳು.

"ಯಾರು ಬರೆದಿದ್ದು?"

"ನಾನು."

ಅವನು ಅವಳ ಬರಿಗಾಲನ್ನೂ ಬೆರಳಿಗಂಟಿದ ಪುಡಿಯ ಬಣ್ಣವನ್ನೂ ನೋಡಿದ. "ಓ," ಎಂದ. ಅಷ್ಟೇ ಅಂದದ್ದು. ಆದರೆ ಆ ಓ ಒಂದರಲ್ಲಿ ಬ್ಯಾನರು, ಮೆರವಣಿಗೆ ಎಲ್ಲಾ ಇತ್ತು.

"ಏನು ಓ?" ಎಂದು ಎರಗಿದಳು ಅವಳು. "ಮಾತ್ರೆ ನೋಡಿ. ಡೋಸು ನೋಡಿ. ಅವರ ಪ್ರೆಶರ್ ಎಷ್ಟಿತ್ತು ಅಂತ ಕೇಳಿ, ಹೇಳ್ತೀನಿ. ನೀವಾಗಿದ್ರೆ ಬೇರೆ ಬರೀತಿದ್ರಾ? ನಿಮ್ಮವರೇ ಬರೆದಿದ್ರೆ ಹೀಗೆ ಮುಖ ನೋಡ್ತಿದ್ರಾ?"

ಅವನು ಹಾಳೆಯನ್ನು ತಿರುಗಿಸಿ ನೋಡಿದ. ಪ್ರೆಶರ್ ಎಷ್ಟಿತ್ತು ಎಂದು ಕೇಳಿದ, ಕೇಳಿ ತಲೆದೂಗಿದ. "ಇಲ್ಲ, ನಾನೂ ಇದನ್ನೇ ಬರೀತಿದ್ದೆ. ಡೋಸೂ ಸರಿ ಇದೆ. ಜಾಸ್ತಿ ನುಂಗಿಬಿಟ್ರಾ ಹಾಗಾದ್ರೆ?"

"ಒಂದೇ. ನನ್ನ ಕಣ್ಣೆದುರೇ ತಗೊಂಡ್ರು. ಅಂಗೈಯಲ್ಲಿ ಜೇನು ಹಾಕಿ ಕಲಸಿ..."

ಮಾತು ಅಲ್ಲೇ ನಿಂತಿತು. ಬೆಳಗಿನಿಂದ ಎಲ್ಲೋ ಹೋಗಿದ್ದ ತಲೆ ಆಗ ವಾಪಸು ಬಂತು, ಬಂದು ಕಲ್ಬತ್ತನ್ನು ನೋಡಿತು.

ಡಾಕ್ಟರಿಗೂ ಅರ್ಥವಾಯಿತು. "ಅರೆದ್ರಾ?" ಎಂದ ಮೆಲ್ಲಗೆ. ಅವನು ನರ್ಸನ್ನು ಕರೆದು ಮತ್ತೊಂದು ಮದ್ದು ಹೇಳಿ, ಅವಳನ್ನು ಹೊರಗೆ ಕೂರಲು ಹೇಳಿದ.

ಹೊರಗೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಒಂದರ ಮೇಲೆ ಕುಸಿದಳು. ಇಷ್ಟು ತಿಂಗಳು ಸಿಟ್ಟು ಮಾಡಿಕೊಳ್ಳಲು ಅವಳಿಗೆ ಜನರ ಕೊರತೆ ಇರಲಿಲ್ಲ. ಈಗಲೂ ಒಬ್ಬೊಬ್ಬರನ್ನೇ ಎಳೆದು ತಂದು ನಿಲ್ಲಿಸಿಕೊಂಡಳು. ಆ ಸುಡುಗಾಡು ಫೋನು ಮಾಡಿದವನು. ಬಾಗಿಲಲ್ಲಿ ಜಗಳ ತೆಗೆದವರು. ಗಂಟಲಲ್ಲಿ ಇಳಿಯೋದಿಲ್ಲ ಎಂದ ಚಿಕ್ಕಮ್ಮ. ಯಾರ ಮೇಲೂ ಸಿಟ್ಟು ನಿಲ್ಲಲಿಲ್ಲ. ಅರೆದವಳು ತಾನು. ಅರೆಯಬಾರದು ಎಂದು ಬರೆದು ಅಂಕ ತೆಗೆದುಕೊಂಡವಳೂ ತಾನೇ. ಚಿಕ್ಕಮ್ಮ ಸತ್ತರೆ ತಾನು ಕೊಂದ ಹಾಗೆ. ಹಾಗಂತ ಅವಳು ತನಗೆ ತಾನೇ ಹೇಳಿಕೊಂಡಳು, ಪಕ್ಕದಲ್ಲಿದ್ದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ.

ಸುದ್ದಿ ಅದು ಹೇಗೆ ಹೋಗಿತ್ತೋ, ಮೂಲಿಕೆ ವೈದ್ಯರ ಸಂಘದ ಅಧ್ಯಕ್ಷರು ಫೋನು ಮಾಡಿದರು. ಚಿಕ್ಕಮ್ಮ ಹೇಗಿದ್ದಾರೆ ಎಂದು ಕೇಳುವುದನ್ನು ಮರೆತರು.

"ನೋಡಮ್ಮ, ಅಜ್ಜಿ ಅಗಿದುಬಿಟ್ರು ಅಂತ ಹೇಳು. ನುಂಗಿ ಅಂತ ಹೇಳಿದ್ದೆ, ಅಗಿದ್ರು. ವಯಸ್ಸಾದವರು ಅಗೀತಾರೆ, ಅದರಲ್ಲಿ ಏನಿದೆ? ಮಾತು ಮುಗೀತು."

"ಅವರು ಅಗೀಲಿಲ್ಲ ಸಾರ್. ನಾನು ಅರೆದೆ."

"ಅಯ್ಯೋ, ಅದನ್ನ ನನಗೆ ಯಾಕೆ ಹೇಳ್ತೀಯಾ!" ಎಂದು ಅಧ್ಯಕ್ಷರು ಫೋನು ಇಟ್ಟೇಬಿಟ್ಟರು.

ಮಧ್ಯಾಹ್ನ ಕಳೆದ ಮೇಲೆ ನರ್ಸು ಒಳಗೆ ಕರೆದಳು. ಪ್ರೆಶರ್ ಮೇಲೆ ಬಂದಿತ್ತು. ಚಿಕ್ಕಮ್ಮ ಕಣ್ಣು ಬಿಟ್ಟಿದ್ದಳು, ಬಿಟ್ಟವಳೇ ಮೊದಲು ಕೇಳಿದ್ದು ಮಶೀನಿನ ಮೇಲಿದ್ದ ಬಟ್ಟೆಯ ವಿಷಯ. "ಒಂದು ತೋಳು ಅರ್ಧಕ್ಕೇ ನಿಂತಿದೆ ಕಣೇ. ಸೂಜಿ ಮೇಲೆತ್ತಿದ್ರೋ ಇಲ್ವೋ." ಪುಡಿ ಡಾಕ್ಟರಮ್ಮ ಅವಳ ಕೈ ಹಿಡಿದುಕೊಂಡು ಅತ್ತಳು. ಈ ಸಲ ಅಳು ನಿಜವಾದದ್ದು ಎಂದೂ ಚಿಕ್ಕಮ್ಮನಿಗೆ ಗೊತ್ತಾಯಿತು, ಅದಕ್ಕೇ ಬೈಯಲಿಲ್ಲ.

ಡಾಕ್ಟರು ಬಂದು ಸ್ಟೂಲು ಎಳೆದುಕೊಂಡು ಕೂತ. ಈಗ ಅವನ ದನಿ ಬದಲಾಗಿತ್ತು, ಮೆತ್ತಗಾಗಿತ್ತು. ಆ ಮೆತ್ತಗಿನ ದನಿಯೇ ಅವಳಿಗೆ ಹೆಚ್ಚು ಚುಚ್ಚಿತು.

"ಅಪಾಯ ಏನಿಲ್ಲ, ಎರಡು ದಿನ ಇಟ್ಕೊಂಡು ಕಳಿಸ್ತೀವಿ. ಆದ್ರೆ ಇಂಥ ಕೇಸನ್ನ ನಾನು ಮೇಲಿನವರಿಗೆ ತಿಳಿಸ್ಲೇಬೇಕು. ಹೇಗಾಯ್ತು ಅಂತ ಬರೀಬೇಕು. ನಿಮಗೆ ಗೊತ್ತಿರಲಿಲ್ಲ ಅಂತ ಬರೀತೀನಿ. ಗೊತ್ತಿಲ್ಲದೆ ಆಗಿದ್ದು ಅಂದ್ರೆ ಅಜಾಗರೂಕತೆ ಆಗಲ್ಲ. ಇನ್ನೊಂದು ಸಲ ತರಬೇತಿಗೆ ಕಳಿಸ್ತಾರೆ, ನಿಮ್ಮ ಅನುಮತಿ ಉಳಿಯುತ್ತೆ. ನಿಜ ಹೇಳಬೇಕಂದ್ರೆ ಇದರಲ್ಲಿ ನಿಮ್ಮ ತಪ್ಪೇನಿದೆ? ಒಂದು ವರ್ಷದಲ್ಲಿ ಏನು ಕಲಿಸಿರ್ತಾರೆ ನಿಮಗೆ? ನಿಮ್ಮ ಕೈಗೆ ಇದನ್ನೆಲ್ಲ ಕೊಟ್ಟವರದ್ದು ತಪ್ಪು."

ಕರುಣೆ ಇತ್ತು ಅವನ ಮಾತಲ್ಲಿ, ಅದರಲ್ಲಿ ಸಂಶಯವಿಲ್ಲ. ಕೆನ್ನೆಗೆ ಎರಡು ಬಿಟ್ಟು ಆಮೇಲೆ ಎಣ್ಣೆ ಹಚ್ಚಿದ ಹಾಗಿತ್ತು ಅವಳಿಗೆ. ಎಂಥ ಇಕ್ಕಟ್ಟು ಇದು! ಅನುಮತಿ ಉಳಿಯಬೇಕಾದರೆ, ತಾನು ಅದಕ್ಕೆ ಲಾಯಕ್ಕಿಲ್ಲ ಎಂದು ತನ್ನ ಬಾಯಿಂದಲೇ ಒಪ್ಪಬೇಕು. ತನಗೆ ಗೊತ್ತಿರಲಿಲ್ಲ ಎಂದು ಒಂದು ಸಲ ಕಾಗದದ ಮೇಲೆ ಬಂದರೆ, ನಾಳೆ ಅದು ಇವರಿಗೆ ಯಾರಿಗೂ ಏನೂ ಗೊತ್ತಿಲ್ಲ ಎಂದಾಗುತ್ತದೆ. ಅವಳ ಜೊತೆ ಪರೀಕ್ಷೆ ಬರೆದವರು, ಅವಳಿಗಿಂತ ಚೆನ್ನಾಗಿ ಕಲಿತವರು, ಇವತ್ತಿನವರೆಗೆ ಒಂದು ಮಾತ್ರೆಯನ್ನೂ ತಪ್ಪಾಗಿ ಕೊಡದವರು, ಎಲ್ಲರ ಮುಖಕ್ಕೂ ಅದೇ ಓ ಬೀಳುತ್ತದೆ. ಗೊತ್ತಿತ್ತು ಎಂದರೋ, ತಪ್ಪು ಅವಳೊಬ್ಬಳದ್ದು. ಅನುಮತಿ ಹೋಗುತ್ತದೆ, ಮತ್ತೆ ಎಂದೂ ಬರುವುದಿಲ್ಲ.

"ಗೊತ್ತಿರಲಿಲ್ಲ ಅನ್ನೇ," ಎಂದಳು ಚಿಕ್ಕಮ್ಮ ಹಾಸಿಗೆಯಿಂದ. ದನಿ ಇನ್ನೂ ಸೋತಿತ್ತು, ಅಧಿಕಾರ ಸೋತಿರಲಿಲ್ಲ. "ಒಂದು ಮಾತು ತಾನೆ? ಪಾಪ, ಅವರೇ ಹೇಳಿಕೊಡ್ತಿದಾರೆ. ನಾನು ಬದುಕಿದೀನಲ್ಲ? ಮತ್ತೇನು? ಅನ್ನು."

"ಅಮ್ಮ ಸರಿಯಾಗಿ ಹೇಳ್ತಿದಾರೆ," ಎಂದ ಡಾಕ್ಟರು ಪೆನ್ನು ತೆಗೆದು.

"ಗೊತ್ತಿತ್ತು," ಎಂದಳು ಪುಡಿ ಡಾಕ್ಟರಮ್ಮ.

ಡಾಕ್ಟರು ತಲೆಯೆತ್ತಿದ. "ಏನು?"

"ಆ ಮಾತ್ರೆ ಅರೀಬಾರದು ಅಂತ ನನಗೆ ಗೊತ್ತಿತ್ತು. ಕಲಿಸಿದ್ರು, ಚೆನ್ನಾಗೇ ಕಲಿಸಿದ್ರು. ಪರೀಕ್ಷೇಲಿ ಬರೆದಿದ್ದೆ. ಬೇಕಾದ್ರೆ ಯಾವ್ಯಾವ ಮಾತ್ರೆ ಅರೀಬಾರದು ಅಂತ ಈಗಲೇ ಹೇಳ್ತೀನಿ, ಕೇಳಿ."

"ಗೊತ್ತಿದ್ದು ಮತ್ತೆ ಯಾಕೆ..."

"ಫೋನಲ್ಲಿ ಜಗಳ ಆಡ್ತಾ ಇದ್ದೆ. ಗಮನ ಇರಲಿಲ್ಲ. ಕೈಗೆ ಅಭ್ಯಾಸ, ಅರೆದುಬಿಡ್ತು. ಇದ್ದಿದ್ದು ಇದ್ದ ಹಾಗೆ ಬರೀರಿ."

ಅವನಿಗೂ ಸಿಟ್ಟು ಬಂದಿತ್ತು. ಅಷ್ಟು ಸಲೀಸಾಗಿ ಮುಗಿಯಬಹುದಾಗಿದ್ದನ್ನು ಈ ಹೆಂಗಸು ಕೆಡಿಸಿಬಿಟ್ಟಳು. ಅವಳ ಕಡೆಯವರನ್ನೆಲ್ಲ ಬೈಯಲು ಸಿಕ್ಕಿದ್ದ ಕಾರಣವೂ ಅವನ ಕೈಯಿಂದ ಜಾರಿತ್ತು. ಗಮನ ತಪ್ಪಿ ಕೈ ತಪ್ಪುವುದು ಈ ಆಸ್ಪತ್ರೆಯೊಳಗೂ ಆಗದ ಸಂಗತಿಯೇನಲ್ಲ, ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? "ಹೀಗೆ ಬರೆದ್ರೆ ನಿಮ್ಮದು ಹೋಗುತ್ತೆ," ಎಂದ ಕೊನೆಗೆ.

"ಅದೂ ಗೊತ್ತು."

ಅವನು ಬರೆದ. ಬರೆದದ್ದನ್ನು ಓದಿ ಹೇಳಿದ. ಅವಳು ಒಂದು ಕಡೆ ತಿದ್ದಿಸಿದಳು, ರೋಗಿಯ ಒತ್ತಾಯದ ಮೇರೆಗೆ ಎಂದು ಸೇರಿಸಿದ್ದನ್ನು ಹೊಡೆದುಹಾಕಿಸಿದಳು. ಅವನು ಎದ್ದು ಹೋದ.

ಚಿಕ್ಕಮ್ಮ ಮುಖ ಗೋಡೆಗೆ ತಿರುಗಿಸಿಕೊಂಡಿದ್ದಳು. ಹಟಮಾರಿ, ಯಾರ ಮಾತೂ ಕೇಳದವಳು, ಯಾರ ಹೊಟ್ಟೆಯಲ್ಲಿ ಹುಟ್ಟಿತೋ, ಎಂದು ಗೊಣಗಿದಳು. ತನ್ನಕ್ಕನ ಹೊಟ್ಟೆಯಲ್ಲೇ ಹುಟ್ಟಿದ್ದು ಎಂದು ನೆನಪಾಗಿ ಸುಮ್ಮನಾದಳು. ಆಮೇಲೆ ಇತ್ತ ತಿರುಗಿದಳು.

"ನನ್ನ ಮಾತು ಬಿಡು, ನನಗೆ ಇವರು ಕೊಡ್ತಾರೆ. ನಾಳೆ ಬೆಂಚಿನ ಮೇಲೆ ಪ್ರೆಶರ್‌ನವರು ಬಂದು ಕೂರ್ತಾರಲ್ಲ, ಅವರಿಗೆ ಏನು ಕೊಡ್ತೀಯ?"

"ಪುಡಿ ಕೊಡ್ತೀನಿ. ಆಸ್ಪತ್ರೆಗೆ ಹೋಗಿ ಅಂತ ಹೇಳ್ತೀನಿ."

"ಹೋಗ್ತಾರಾ?"

"ಇಲ್ಲ," ಎಂದಳು ಪುಡಿ ಡಾಕ್ಟರಮ್ಮ. "ಹೋಗಲ್ಲ."